ಉಂಡ ಮನೆಯ ಜಂತೆ ಎಣಿಸಿದ ಮೇಲೆ: ಹಳೆ ಕಂಪನಿ ಬಗ್ಗೆ ಬರೆದವನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

2022ರಲ್ಲಿ, ನಾನು ಬಿಟ್ಟು ಬಂದ ಕಂಪನಿಯ ಬಗ್ಗೆ ಒಂದು ಉದ್ದನೆಯ ಬರಹ ಬರೆದೆ. ಅವತ್ತಿನಿಂದ ಗೊತ್ತಿರುವವರು, ಗೊತ್ತಿಲ್ಲದವರು ಎಲ್ಲರೂ ಅದದೇ ಪ್ರಶ್ನೆ ಕೇಳುತ್ತಿದ್ದಾರೆ. ಕೆಲವರು ಮೆಸೇಜ್ ಮಾಡಿ, ಕೆಲವರು ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತು. ಒಬ್ಬೊಬ್ಬರಿಗೇ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ನಾನು ವಕೀಲನಲ್ಲ, ಸಾಫ್ಟ್‌ವೇರ್ ಟೆಸ್ಟರ್. ಇಲ್ಲಿರುವ ಕಾನೂನಿನ ಮಾತೆಲ್ಲ ನನ್ನ ತಲೆನೋವಿಗೆ ಓದಿಕೊಂಡದ್ದು, ವಕೀಲರ ಹತ್ತಿರ ಬೈಸಿಕೊಂಡು ಕಲಿತದ್ದು. ನಿಮಗೆ ಆಗಲೇ ಲಾಯರ್ ನೋಟೀಸ್ ಬಂದಿದ್ದರೆ ಮೊದಲು ವಕೀಲರನ್ನು ನೋಡಿ, ಇದನ್ನು ಆಮೇಲೆ ಓದಿ.

ಅಷ್ಟಕ್ಕೂ ನೀವು ಬರೆದದ್ದೇನು?

ಬೆಂಗಳೂರಿನ ಒಂದು ಕಂಪನಿಯಲ್ಲಿ ಆರು ವರ್ಷ ಇದ್ದೆ. ಬಿಡುತ್ತೇನೆ ಅಂದಾಗ 90 ದಿನದ ನೋಟೀಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ದುಡಿಯಬೇಕಾದ ಅವಧಿ) ಪೂರ್ತಿ ಮಾಡಿಸಿಕೊಂಡರು. ಕೊನೆಯ ಎರಡು ಕ್ವಾರ್ಟರ್‌ನ ವೇರಿಯಬಲ್ ಪೇ, ಅಂದರೆ ಕೆಲಸದ ಫಲಿತಾಂಶ ನೋಡಿ ಕೊಡುವ ಸಂಬಳದ ಭಾಗ, ಕೊಡಲಿಲ್ಲ. ರಿಲೀವಿಂಗ್ ಲೆಟರ್‌ಗೆ (ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಅನ್ನುವ ಪತ್ರ) ನಾಲ್ಕು ತಿಂಗಳು ಅಲೆದಾಡಿಸಿದರು. ಇದನ್ನು ತಾರೀಖು ಸಮೇತ ಬರೆದೆ. ಕಂಪನಿಯ ಹೆಸರು ಇಲ್ಲಿ ಹೇಳುವುದಿಲ್ಲ, ದಯವಿಟ್ಟು ಕೇಳಬೇಡಿ.

ಉಂಡ ಮನೆ ಜಂತೆ ಎಣಿಸಬಾರದು ಅಂತಾರಲ್ಲ?

ನಮ್ಮಮ್ಮ ಕೇಳಿದ ಮೊದಲ ಪ್ರಶ್ನೆ ಇದೇ. ಗಾದೆ ಒಳ್ಳೆಯದೇ. ಆದರೆ ಅದು ನೆಂಟರ ಮನೆಗೆ ಹೋದವರಿಗೆ ಹೇಳಿದ್ದು. ಅಲ್ಲಿ ಅವರು ಊಟ ಹಾಕುತ್ತಾರೆ, ನಾವು ಉಣ್ಣುತ್ತೇವೆ, ಲೆಕ್ಕ ಇರುವುದಿಲ್ಲ. ಕಂಪನಿಯಲ್ಲಿ ದಿನಕ್ಕೆ ಒಂಬತ್ತು ಗಂಟೆ ದುಡಿದಿದ್ದೇನೆ, ಅದಕ್ಕೆ ಸಂಬಳ ತಗೊಂಡಿದ್ದೇನೆ. ಇದು ವ್ಯವಹಾರ. ಜಂತೆಗೆ ಗೆದ್ದಲು ಹಿಡಿದಿದ್ದರೆ, ನಾಳೆ ಅದೇ ಮನೆಗೆ ಬಾಡಿಗೆಗೆ ಹೋಗುವವನಿಗೆ ಹೇಳುವುದರಲ್ಲಿ ತಪ್ಪೇನಿದೆ? ಹಾಗಂತ ಅಮ್ಮ ಪೂರ್ತಿ ಒಪ್ಪಿದ್ದಾರೆ ಅಂತಲ್ಲ.

ನಿಜ ಬರೆದರೂ ಕೇಸ್ ಹಾಕಬಹುದಾ?

ಹಾಕಬಹುದು. ಕೇಸ್ ಹಾಕುವುದು ಬೇರೆ, ಗೆಲ್ಲುವುದು ಬೇರೆ.

ನಮ್ಮಲ್ಲಿ ಮಾನನಷ್ಟಕ್ಕೆ ಎರಡು ದಾರಿ. ಒಂದು ಸಿವಿಲ್: ಪರಿಹಾರ ಕೊಡಿ, ಬರಹ ತೆಗೆಯಿರಿ ಅಂತ ಕೇಳುವುದು. ಇನ್ನೊಂದು ಕ್ರಿಮಿನಲ್. ಮೊದಲು ಇದು ಭಾರತೀಯ ದಂಡ ಸಂಹಿತೆಯ (ಐಪಿಸಿ) 499, 500ನೇ ಸೆಕ್ಷನ್ ಆಗಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಶಿಕ್ಷೆ ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ. ಹೊಸ ಕಾನೂನಿನಲ್ಲಿ ಸಮುದಾಯ ಸೇವೆಯನ್ನೂ ಸೇರಿಸಿದ್ದಾರೆ. ಕ್ರಿಮಿನಲ್ ಮಾನನಷ್ಟವನ್ನೇ ತೆಗೆದುಹಾಕಿ ಅಂತ ಸುಪ್ರೀಂ ಕೋರ್ಟಿಗೆ ಹೋದವರಿದ್ದರು. 2016ರ ಮೇ ತಿಂಗಳಲ್ಲಿ ಸುಬ್ರಮಣಿಯನ್ ಸ್ವಾಮಿ ಕೇಸಿನಲ್ಲಿ ಕೋರ್ಟು ಅದನ್ನು ಉಳಿಸಿಕೊಂಡಿತು.

ಜನ ಎಡವುವುದು ಇಲ್ಲಿ: ಸಿವಿಲ್ ಕೇಸಿನಲ್ಲಿ ನಿಜ ಅಂತ ತೋರಿಸಿದರೆ ಸಾಕು. ಕ್ರಿಮಿನಲ್‌ನಲ್ಲಿ ನಿಜವೂ ಆಗಿರಬೇಕು, ಅದನ್ನು ಹೇಳಿದ್ದರಿಂದ ಸಾರ್ವಜನಿಕರಿಗೆ ಒಳಿತೂ ಇರಬೇಕು. ಸಂಬಳ ತಡೆಹಿಡಿದದ್ದನ್ನು ಬರೆದರೆ ಕೆಲಸ ಹುಡುಕುವವರಿಗೆ ಉಪಯೋಗ ಅನ್ನಬಹುದು. ಮ್ಯಾನೇಜರ್ ಮನೆಯ ಜಗಳ ಬರೆದರೆ ಯಾರಿಗೆ ಒಳಿತು? ಅದು ನಿಜವೇ ಇರಬಹುದು, ಆದರೂ ಸಿಕ್ಕಿಹಾಕಿಕೊಳ್ಳುತ್ತೀರಿ.

ಹೆಸರು ಹಾಕದೆ ಬರೆದರೆ ಸೇಫ್ ಅಲ್ವಾ?

ಓದಿದವರಿಗೆ ಯಾರು ಅಂತ ಗೊತ್ತಾದರೆ ಹೆಸರು ಹಾಕಿದ ಹಾಗೇ ಲೆಕ್ಕ. 'ಔಟರ್ ರಿಂಗ್ ರೋಡಿನ, ನೀಲಿ ಗಾಜಿನ ಬಿಲ್ಡಿಂಗಿನ, ಹೋದ ವರ್ಷ ಸಿಇಒ ಬದಲಾದ ಕಂಪನಿ' ಅಂದರೆ ಇನ್ನೇನು ಉಳಿಯಿತು! ಕಂಪನಿಗೂ ಮಾನ ಇದೆ ಅಂತ ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ವ್ಯಂಗ್ಯವಾಗಿ ಹೇಳಿದ್ದೂ ಮಾನಹಾನಿ ಆಗಬಹುದು ಅಂತ ಅದೇ ಸೆಕ್ಷನ್‌ನಲ್ಲಿ ಬೇರೆ ಬರೆದಿದ್ದಾರೆ. 'ನಮ್ಮ ಹರಿಶ್ಚಂದ್ರ ಮ್ಯಾನೇಜರ್' ಅಂದರೆ ಹೊಗಳಿಕೆ ಅಂತ ಯಾರೂ ನಂಬುವುದಿಲ್ಲ.

ಬರೆಯೋಕೆ ಮುಂಚೆ ಏನು ಮಾಡ್ಕೋಬೇಕು?

ಬರಬೇಕಾದ್ದನ್ನೆಲ್ಲ ಮೊದಲು ತಗೊಳ್ಳಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಹೊರಬಂದ ದಿನ ರಾತ್ರಿಯೇ ಬರೆಯಬೇಕು ಅನ್ನಿಸುತ್ತದೆ. ಕೈ ತುರಿಸುತ್ತದೆ. ತಡೆದುಕೊಳ್ಳಿ.

ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯೆನ್ಸ್ ಲೆಟರ್, ಕೊನೆಯ ಮೂರು ತಿಂಗಳ ಪೇ ಸ್ಲಿಪ್, ಸಂಬಳದಲ್ಲಿ ಕಡಿದ ತೆರಿಗೆಯ ಪ್ರಮಾಣಪತ್ರ (ಫಾರ್ಮ್ 16), ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟಿನ ಲೆಕ್ಕದ ಹಾಳೆ ಕೈಗೆ ಬರಲಿ. ಪಿಎಫ್ ಖಾತೆಯಲ್ಲಿ ನೀವು ಬಿಟ್ಟ ತಾರೀಖು ಸರಿಯಾಗಿ ಬಿದ್ದಿದೆಯಾ ನೋಡಿ. ಅದು ಬೀಳದಿದ್ದರೆ ಹೊಸ ಕಂಪನಿಗೆ ನೀವು ಎರಡು ಕಡೆ ಕೆಲಸ ಮಾಡುತ್ತಿರುವ ಹಾಗೆ ಕಾಣುತ್ತದೆ. ಐದು ವರ್ಷ ದಾಟಿದ್ದರೆ ಗ್ರಾಚ್ಯುಟಿ (ದುಡಿದ ವರ್ಷಗಳಿಗೆ ಕೊಡುವ ಇಡಿಗಂಟು) ಇದೆ: ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಕೆಲಸ ಮಾಡಿದ ವರ್ಷಗಳಿಂದ ಗುಣಿಸಿ. 30 ದಿನದೊಳಗೆ ಕೊಡಬೇಕು. ಇನ್ನು 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ವೇತನ ಸಂಹಿತೆಯ ಪ್ರಕಾರ ಕೆಲಸ ಬಿಟ್ಟವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ನನ್ನ ಕಾಲಕ್ಕೆ ಇದು ಇದ್ದಿದ್ದರೆ ಆ ಬರಹ ಅರ್ಧಕ್ಕೆ ಇಳಿಯುತ್ತಿತ್ತು.

ಕೊಡದೇ ಸತಾಯಿಸಿದರೆ ಬರೆಯುವುದಕ್ಕಿಂತ ಮುಂಚೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಬೆಂಗಳೂರಲ್ಲಾದರೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ. ಐಟಿಯವರಿಗೆ 2017ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಐಟಿ ಐಟಿಇಎಸ್ ನೌಕರರ ಸಂಘ ಇದೆ, ಜನ ಅದನ್ನು ಕಿಟು ಅಂತಾರೆ. ದೂರಿನ ಪ್ರತಿ ಕೈಯಲ್ಲಿದ್ದರೆ ನಾಳೆ ನಿಮ್ಮ ಬರಹಕ್ಕೂ ಅದು ಆಧಾರ. ಸುಮ್ನೆ ಕೂಗಾಡಿದವನಲ್ಲ, ಕೇಳಬೇಕಾದ ಕಡೆ ಕೇಳಿ ಬಂದವನು ಅಂತ ಗೊತ್ತಾಗುತ್ತದೆ.

ಆಫರ್ ಲೆಟರ್‌ನಲ್ಲಿ ಏನೇನೋ ಸಹಿ ಹಾಕಿದ್ದೀನಿ. ಅದು ಕಟ್ಟಿಹಾಕುತ್ತಾ?

ಹಾಕಿದ ಸಹಿಯನ್ನು ಒಮ್ಮೆ ಓದಿ. ನಾನೂ ಓದಿರಲಿಲ್ಲ.

ಮೂರು ಬಗೆಯ ಷರತ್ತು ಇರುತ್ತವೆ. ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಅನ್ನುವುದು ಒಂದು. 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಅದು ಸಾಮಾನ್ಯವಾಗಿ ನಿಲ್ಲುವುದಿಲ್ಲ, ಹೆದರಬೇಡಿ. ಗುಟ್ಟು ಕಾಪಾಡಬೇಕು ಅನ್ನುವುದು ಎರಡನೆಯದು. ಇದು ಬಿಟ್ಟ ಮೇಲೂ ನಡೆಯುತ್ತದೆ. ಕ್ಲೈಂಟ್ ಹೆಸರು, ರೇಟು, ಕೋಡು, ಗ್ರಾಹಕರ ಮಾಹಿತಿ ಇವನ್ನು ಮುಟ್ಟಬೇಡಿ. ಬೇರೆಯವರ ಖಾಸಗಿ ಮಾಹಿತಿಯನ್ನು ಕರಾರು ಮುರಿದು ಹೊರಹಾಕಿದರೆ ಐಟಿ ಕಾಯ್ದೆಯ 72ಎ ಸೆಕ್ಷನ್ ಪ್ರಕಾರ ಜೈಲೂ ಆಗಬಹುದು.

ಮೂರನೆಯದು, ಕಂಪನಿ ಬಗ್ಗೆ ಕೆಟ್ಟದ್ದು ಹೇಳುವುದಿಲ್ಲ ಅನ್ನುವ ಮಾತು. ಸಾಮಾನ್ಯವಾಗಿ ಕೆಲಸದಿಂದ ತೆಗೆಯುವಾಗ, ಎರಡು ತಿಂಗಳ ಸಂಬಳ ಜಾಸ್ತಿ ಕೊಡುತ್ತೇವೆ ಅಂತ ಸಹಿ ಹಾಕಿಸಿಕೊಳ್ಳುವ ಹಾಳೆಯಲ್ಲಿ ಇದನ್ನು ಸೇರಿಸಿರುತ್ತಾರೆ. ಆ ದುಡ್ಡು ತಗೊಂಡು ಆಮೇಲೆ ಬರೆದರೆ ದುಡ್ಡು ವಾಪಸ್ ಕೇಳುತ್ತಾರೆ. ಬೇಕಾದ್ದು ದುಡ್ಡಾ, ಬಾಯಾ ಅಂತ ಅಲ್ಲೇ ಯೋಚನೆ ಮಾಡಿ. ದುಡ್ಡು ತಗೊಂಡವರನ್ನು ನಾನು ಯಾವತ್ತೂ ಹಳಿಯುವುದಿಲ್ಲ. ಇಎಂಐ ಎಲ್ಲರಿಗೂ ಇದೆ.

ಪುರಾವೆ ಅಂದರೆ ಏನೇನು ಇಟ್ಕೋಬೇಕು?

ನಿಮ್ಮ ಹೆಸರಿಗೆ ಬಂದ ಪತ್ರಗಳು, ನಿಮ್ಮ ಪೇ ಸ್ಲಿಪ್, ನೀವು ಎಚ್‌ಆರ್‌ಗೆ ಸ್ವಂತ ಮೇಲ್‌ನಿಂದ ಬರೆದದ್ದು, ಅದಕ್ಕೆ ಬಂದ ಉತ್ತರ. ಆಫೀಸ್ ಲ್ಯಾಪ್‌ಟಾಪಿನಿಂದ ನೂರಾರು ಫೈಲ್ ಮನೆಗೆ ಕಳಿಸಿಕೊಳ್ಳುವುದು ದೊಡ್ಡ ತಪ್ಪು. ಅಲ್ಲಿಗೆ ನಿಮ್ಮ ದೂರು ಹೋಗಿ ಕಳ್ಳತನದ ದೂರು ಎದ್ದು ನಿಲ್ಲುತ್ತದೆ.

ಸ್ಕ್ರೀನ್‌ಶಾಟ್ ತೆಗೆದ ಫೋನನ್ನು ಬದಲಾಯಿಸಿದರೆ ಹಳೆಯದನ್ನು ಎಕ್ಸ್‌ಚೇಂಜ್‌ಗೆ ಹಾಕಬೇಡಿ. ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಮೂಲ ಫೋನ್ ಇದ್ದರೆ ಈ ಕೆಲಸ ಸಲೀಸು. ನನ್ನ ಹಳೆ ರೆಡ್ಮಿ ಇವತ್ತಿಗೂ ಬೀರುವಿನಲ್ಲಿ ಸೀರೆಗಳ ನಡುವೆ ಮಲಗಿದೆ.

ಲಾಯರ್ ನೋಟೀಸ್ ಬಂತು. ಈಗ?

ಮೊದಲು ಒಂದು ಲೋಟ ನೀರು ಕುಡಿಯಿರಿ. ನನಗೆ ನೋಟೀಸ್ ಬಂದದ್ದು ರಿಜಿಸ್ಟರ್ಡ್ ಪೋಸ್ಟಿನಲ್ಲಿ, ಊರಿನ ವಿಳಾಸಕ್ಕೆ. ಅಪ್ಪ ಸಹಿ ಹಾಕಿ ತಗೊಂಡು, ಕನ್ನಡಕ ಹಾಕಿ ಓದಿ, ನನಗೆ ಫೋನ್ ಮಾಡಿ ಕೇಳಿದ್ದು ಒಂದೇ: 'ಐದು ಕೋಟಿ ಅಂತೆ. ಎಲ್ಲಿಂದ ತರ್ತೀಯೋ?'

ನೋಟೀಸ್ ಅನ್ನುವುದು ಕೋರ್ಟಿನ ಆದೇಶ ಅಲ್ಲ. ಒಬ್ಬ ವಕೀಲರು ತಮ್ಮ ಕಕ್ಷಿದಾರರ ಪರವಾಗಿ ಬರೆದ ಪತ್ರ, ಅಷ್ಟೆ. ಅದರಲ್ಲಿ ಐದು ಕೋಟಿ ಅಂತ ಬರೆದರೂ ಐವತ್ತು ಕೋಟಿ ಅಂತ ಬರೆದರೂ ಖರ್ಚು ಒಂದೇ, ಅಂಚೆ ಚೀಟಿಯದ್ದು. ನಿಜಕ್ಕೂ ಕೋರ್ಟಿಗೆ ಹೋಗಿ ಅಷ್ಟು ಕೇಳಬೇಕಾದರೆ ಆ ಮೊತ್ತಕ್ಕೆ ತಕ್ಕ ಕೋರ್ಟ್ ಶುಲ್ಕ ಕಟ್ಟಬೇಕು. ಇದನ್ನು ವಿವರಿಸಿದ ಮೇಲೆ ಅಪ್ಪನಿಗೆ ರಾತ್ರಿ ನಿದ್ದೆ ಬಂತು.

ಹಾಗಂತ ಕಸದಬುಟ್ಟಿಗೆ ಹಾಕಬೇಡಿ. ಉತ್ತರ ಕೊಡದಿದ್ದರೆ, ಹೇಳಲು ಏನೂ ಇರಲಿಲ್ಲ ಅಂತ ಮುಂದೆ ವಾದ ಮಾಡುತ್ತಾರೆ. ಕೊಟ್ಟ ಗಡುವಿನೊಳಗೆ ವಕೀಲರ ಕೈಯಲ್ಲೇ ಉತ್ತರ ಕೊಡಿಸಿ. ನೀವೇ ರೊಚ್ಚಿಗೆದ್ದು ನೋಟೀಸಿನ ಫೋಟೋ ಎಲ್ಲ ಕಡೆ ಹಂಚಿ, ನೋಡಿ ನನ್ನ ಶೌರ್ಯ ಅಂತ ಮಾಡಬೇಡಿ.

ನನ್ನ ವಕೀಲರು ಮಲ್ಲೇಶ್ವರದ ತಮ್ಮ ಮನೆ ಮೊದಲ ಮಹಡಿಯ ಆಫೀಸಿನಲ್ಲಿ ಕೂತು, ಕೆಂಪು ಪೆನ್ನು ಹಿಡಿದು ನನ್ನ ಬರಹ ಓದಿದರು. ಎರಡು ಕಡೆ ನಿಂತರು. ನಾನು 'ನನ್ನ ದುಡ್ಡು ಕದ್ದರು' ಅಂತ ಬರೆದಿದ್ದೆ. 'ಕದ್ದರು ಅಂದರೆ ಕಳ್ಳತನದ ಆರೋಪ. ಎಫ್‌ಐಆರ್ ಇದೆಯಾ?' ಅಂದರು. ಇರಲಿಲ್ಲ. ಅಲ್ಲಿ 'ಎರಡು ಕ್ವಾರ್ಟರ್‌ನ ವೇರಿಯಬಲ್ ಪೇ ನನಗೆ ಬರಲಿಲ್ಲ. ಕಾರಣ ಕೇಳಿ ಮೂರು ಮೇಲ್ ಬರೆದೆ, ಉತ್ತರ ಬರಲಿಲ್ಲ' ಅಂತಾಯಿತು. ಇನ್ನೊಂದು ಕಡೆ 'ಎಲ್ಲರಿಗೂ ಹೀಗೇ ಮಾಡುತ್ತಾರೆ' ಅಂತಿತ್ತು. 'ಎಲ್ಲರನ್ನೂ ಕೇಳಿದ್ದೀಯೇನಪ್ಪಾ?' ಅಂದರು. ಅದು ಪೂರ್ತಿ ಹೋಯಿತು. ತಿದ್ದಿದ್ದನ್ನು ಮುಚ್ಚಿಡಲಿಲ್ಲ. ಇಂಥ ದಿನ ಇಂಥ ಎರಡು ಸಾಲು ಬದಲಾಯಿಸಿದೆ ಅಂತ ಕೆಳಗೇ ಬರೆದೆ.

ನಾಚಿಕೆಯ ವಿಷಯ ಏನೆಂದರೆ, ತಿದ್ದಿದ ಬರಹ ಮೊದಲಿನದ್ದಕ್ಕಿಂತ ಚೆನ್ನಾಗಿತ್ತು. 'ಕದ್ದರು' ಅಂದಾಗ ಓದುವವರು ನನ್ನ ಸಿಟ್ಟು ನೋಡುತ್ತಿದ್ದರು. ಮೂರು ಮೇಲ್‌ಗೆ ಉತ್ತರ ಇಲ್ಲ ಅಂದಾಗ ಕಂಪನಿಯನ್ನು ನೋಡಿದರು. ನಮ್ಮ ಉತ್ತರ ಹೋದ ಮೇಲೆ ಆ ಕಡೆಯಿಂದ ಮತ್ತೇನೂ ಬರಲಿಲ್ಲ.

ಕೋರ್ಟಿನಿಂದ ಸ್ಟೇ ತಂದು ಬರಹ ತೆಗೆಸಿದರೆ?

ಆಗಬಹುದು. ನಿಮಗೆ ಗೊತ್ತೇ ಆಗದ ಹಾಗೆ, ನಿಮ್ಮ ಮಾತು ಕೇಳದೆ ತಾತ್ಕಾಲಿಕ ತಡೆಯಾಜ್ಞೆ ಸಿಗುವುದೂ ಉಂಟು. ಆದರೆ 2024ರ ಮಾರ್ಚ್ 22ರಂದು ಸುದ್ದಿಸಂಸ್ಥೆ ಬ್ಲೂಮ್‌ಬರ್ಗ್ ಮತ್ತು ಟಿವಿ ಕಂಪನಿ ಝೀ ನಡುವಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಮುಖ್ಯ ಮಾತು ಹೇಳಿದೆ. ವಿಚಾರಣೆಗೆ ಮುಂಚೆಯೇ ಬರಹವನ್ನು ತಡೆಯುವುದು ತೀರಾ ಅಪರೂಪದ ಸಂದರ್ಭದಲ್ಲಿ ಮಾತ್ರ ಆಗಬೇಕು, ಇಲ್ಲದಿದ್ದರೆ ವಿಚಾರಣೆ ಮುಗಿಯುವ ಹೊತ್ತಿಗೆ ಬರಹವೇ ಸತ್ತುಹೋಗಿರುತ್ತದೆ ಅನ್ನುವ ಧಾಟಿಯಲ್ಲಿ. ದುಡ್ಡಿರುವವರು ಬಾಯಿ ಮುಚ್ಚಿಸಲಿಕ್ಕೇ ಹಾಕುವ ಕೇಸುಗಳ ಬಗ್ಗೆಯೂ ಅಲ್ಲಿ ಎಚ್ಚರಿಸಿದ್ದಾರೆ. 2011ರಲ್ಲಿ ಟಾಟಾ ಸನ್ಸ್‌ನವರು, ಪರಿಸರ ಸಂಸ್ಥೆ ಗ್ರೀನ್‌ಪೀಸ್ ತಮ್ಮನ್ನು ಟೀಕಿಸಿ ಮಾಡಿದ್ದ ಆಮೆಯ ಆನ್‌ಲೈನ್ ಆಟದ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋದಾಗಲೂ ತಡೆಯಾಜ್ಞೆ ಸಿಕ್ಕಿರಲಿಲ್ಲ.

ಆದರೆ ಆದೇಶ ಬಂದರೆ ಪಾಲಿಸಲೇಬೇಕು, ಪಾಲಿಸುತ್ತಲೇ ಅದನ್ನು ಪ್ರಶ್ನಿಸಿ. ಪಾಲಿಸದಿದ್ದರೆ ನ್ಯಾಯಾಂಗ ನಿಂದನೆ, ಅದು ಬೇರೆಯೇ ಕಥೆ.

ಎಷ್ಟು ವರ್ಷ ಈ ಭಯ ಇರುತ್ತೆ?

ಸಿವಿಲ್ ಕೇಸಿಗೆ ಪ್ರಕಟವಾದ ದಿನದಿಂದ ಒಂದು ವರ್ಷ. ಕ್ರಿಮಿನಲ್‌ಗೆ ಮೂರು ವರ್ಷ. ಬರಹ ಇನ್ನೂ ಅಲ್ಲೇ ಇದೆಯಲ್ಲ, ದಿನಾ ಹೊಸದಾಗಿ ಪ್ರಕಟವಾದ ಹಾಗಲ್ವಾ ಅಂತ ಕೇಳುತ್ತಾರೆ. ಹಾಗಲ್ಲ, ಮೊದಲ ಸಲ ಪ್ರಕಟವಾದದ್ದೇ ಲೆಕ್ಕ ಅಂತ ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿತ್ತು. ಆದರೆ ನೀವಾಗಿ ಪ್ರತಿ ಯುಗಾದಿಗೂ ಅದನ್ನೇ ಮತ್ತೆ ಎತ್ತಿ ಹಂಚುತ್ತಿದ್ದರೆ ಅದು ಹೊಸ ಪ್ರಕಟಣೆ ಅಂತ ವಾದಿಸಲು ದಾರಿ ಮಾಡಿಕೊಟ್ಟ ಹಾಗೆ.

ಪೊಲೀಸರು ಎತ್ತಾಕ್ಕೊಂಡು ಹೋಗ್ತಾರಾ?

ಬರೀ ಮಾನನಷ್ಟಕ್ಕೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸುವ ಹಾಗಿಲ್ಲ. ಜಾಮೀನು ಸಿಗುವ ಅಪರಾಧ. ಕಂಪನಿಯವರು ಮ್ಯಾಜಿಸ್ಟ್ರೇಟ್ ಮುಂದೆ ಖಾಸಗಿ ದೂರು ಕೊಡಬೇಕು, ಅದನ್ನು ಕೋರ್ಟು ಕೈಗೆತ್ತಿಕೊಳ್ಳುವ ಮೊದಲು ನಿಮ್ಮ ಮಾತನ್ನೂ ಕೇಳಬೇಕು ಅಂತ ಕ್ರಿಮಿನಲ್ ಕೇಸು ನಡೆಸುವ ಕ್ರಮ ಹೇಳುವ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿದೆ. ಇನ್ನು ಐಟಿ ಕಾಯ್ದೆಯ 66ಎ ಸೆಕ್ಷನ್ (ಆನ್‌ಲೈನ್ ಬರಹಕ್ಕೆ ಶಿಕ್ಷೆ ಕೊಡುತ್ತಿದ್ದದ್ದು) ಹಾಕುತ್ತೇವೆ ಅಂತ ಯಾರಾದರೂ ಹೆದರಿಸಿದರೆ, ಅದನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲೇ ಹೊಡೆದುಹಾಕಿದೆ ಅಂತ ನೆನಪಿಸಿ.

ಲೈಂಗಿಕ ಕಿರುಕುಳದ ವಿಷಯ ಬರೀಬಹುದಾ?

ಇಲ್ಲಿ ತುಂಬಾ ಜೋಪಾನ. ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಇಂಥ ದೂರು ವಿಚಾರಿಸುವ ಕಂಪನಿಯ ಆಂತರಿಕ ಸಮಿತಿಗೆ ಕೊಟ್ಟ ದೂರಿನ ವಿವರ, ದೂರು ಕೊಟ್ಟವರು, ಆರೋಪಿ, ಸಾಕ್ಷಿಗಳ ಗುರುತು, ವಿಚಾರಣೆಯ ಮಾತು ಯಾವುದನ್ನೂ ಪ್ರಕಟಿಸುವಂತಿಲ್ಲ. ನ್ಯಾಯ ಸಿಕ್ಕಿತು ಅಂತ ಯಾರ ಗುರುತೂ ಬಿಟ್ಟುಕೊಡದೆ ಹೇಳಬಹುದು. ಸಮಿತಿಗೆ ದೂರು ಕೊಟ್ಟವರು ಬರೆಯುವ ಮುಂಚೆ ವಕೀಲರ ಜೊತೆ ಕೂತು ಒಂದೊಂದು ಸಾಲೂ ನೋಡಿ.

ಅಮೆರಿಕದ ಕಾನೂನು ಬೇರೆ, ಆದರೂ ಬರೆಯುವ ರೀತಿಗೆ ಅಲ್ಲಿನ ಒಂದು ಉದಾಹರಣೆ ಹೇಳುತ್ತೇನೆ. 2017ರ ಫೆಬ್ರವರಿಯಲ್ಲಿ ಸೂಸನ್ ಫೌಲರ್ ಅನ್ನುವ ಎಂಜಿನಿಯರ್, ಊಬರ್‌ನಲ್ಲಿ ತಾವು ಕಳೆದ ಒಂದು ವರ್ಷದ ಬಗ್ಗೆ ಬರೆದರು. ಬೈಗುಳ ಇಲ್ಲ, ಕಿರುಚಾಟ ಇಲ್ಲ. ಮ್ಯಾನೇಜರ್ ಚಾಟ್‌ನಲ್ಲಿ ಏನು ಕಳಿಸಿದ, ಎಚ್‌ಆರ್ ಏನಂದರು, ಆಮೇಲೆ ಏನಾಯಿತು, ಅಷ್ಟೆ. ನನಗೆ ನೆನಪಿನಲ್ಲಿ ಉಳಿದದ್ದು ಚರ್ಮದ ಜಾಕೆಟ್ ಪ್ರಸಂಗ. ತಂಡದಲ್ಲಿ ನೂರಕ್ಕೂ ಜಾಸ್ತಿ ಇದ್ದ ಗಂಡಸರಿಗೆ ಜಾಕೆಟ್ ತರಿಸಿದರು. ಬೆರಳೆಣಿಕೆಯಷ್ಟು ಉಳಿದಿದ್ದ ಹೆಂಗಸರಿಗೆ, ನಿಮ್ಮ ಸಂಖ್ಯೆ ಕಡಿಮೆ, ಆರ್ಡರ್ ಮಾಡಲಾಗುವುದಿಲ್ಲ ಅಂದರು. ತಾರತಮ್ಯ ಅನ್ನುವ ಪದಕ್ಕಿಂತ ಆ ಜಾಕೆಟ್ ಎಷ್ಟು ಜಾಸ್ತಿ ಹೇಳುತ್ತದೆ ನೋಡಿ. ಅದೇ ಜೂನ್‌ನಲ್ಲಿ ಊಬರ್ 20 ಜನರನ್ನು ತೆಗೆಯಿತು, ತಿಂಗಳ ಕೊನೆಯ ಹೊತ್ತಿಗೆ ಸಿಇಒ ಟ್ರಾವಿಸ್ ಕಲಾನಿಕ್ ರಾಜೀನಾಮೆ ಕೊಟ್ಟರು.

ಹೆಸರು ಮುಚ್ಚಿಟ್ಟು ರಿವ್ಯೂ ಹಾಕಿದರೆ ಸಾಕಲ್ವಾ?

ಗ್ಲಾಸ್‌ಡೋರ್, ಆ್ಯಂಬಿಷನ್‌ಬಾಕ್ಸ್‌ನಂಥ ಕಂಪನಿ ರಿವ್ಯೂ ಸೈಟುಗಳು ಇರುವುದೇ ಅದಕ್ಕೆ. ಸಂಬಳ, ಕೆಲಸದ ಹೊತ್ತು, ಮ್ಯಾನೇಜರುಗಳ ಒಟ್ಟಾರೆ ನಡವಳಿಕೆ ಹೇಳಲು ಅಷ್ಟೇ ಸಾಕು. ಆದರೆ ಕೋರ್ಟು ಕೇಳಿದರೆ ಅವರು ನಿಮ್ಮ ವಿವರ ಕೊಡಬೇಕಾಗಬಹುದು. ಐದು ಜನರ ತಂಡದಲ್ಲಿ ಮೊನ್ನೆ ತಾನೇ ಬಿಟ್ಟವರು ನೀವೊಬ್ಬರೇ ಆಗಿದ್ದರೆ ಕೋರ್ಟೂ ಬೇಕಿಲ್ಲ.

ನಾನು ದುಬೈನಲ್ಲಿದ್ದೀನಿ / ಅಮೆರಿಕದಲ್ಲಿದ್ದೀನಿ. ಅಲ್ಲಿಗೂ ಇದೇ ಅನ್ವಯಿಸುತ್ತಾ?

ಇಲ್ಲ. ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಕೊಲ್ಲಿಗೆ ಹೋದವರು ಇದನ್ನು ಎರಡು ಸಲ ಓದಿ. 2015ರಲ್ಲಿ ಅಬುಧಾಬಿಯಲ್ಲಿ ಕೆಲಸದಲ್ಲಿದ್ದ ಅಮೆರಿಕದ ಒಬ್ಬ ಹೆಲಿಕಾಪ್ಟರ್ ಮೆಕ್ಯಾನಿಕ್ ರಜೆಗೆ ಫ್ಲಾರಿಡಾಕ್ಕೆ ಹೋಗಿದ್ದರು. ಅಲ್ಲಿ ಕೂತು ಕಂಪನಿಯನ್ನು ಬೈದು ಫೇಸ್‌ಬುಕ್‌ನಲ್ಲಿ ಬರೆದರು. ಅಬುಧಾಬಿಗೆ ಮರಳಿದಾಗ ಬಂಧಿಸಿದರು. ಅಲ್ಲಿನ ಸೈಬರ್ ಕಾನೂನು ಬಿಗಿ. ಬರೆಯಲೇಬೇಕಿದ್ದರೆ ಎಲ್ಲ ಮುಗಿಸಿ ಊರಿಗೆ ಬಂದು, ಮತ್ತೆ ಆ ಕಡೆ ಹೋಗುವ ಯೋಚನೆ ಇದೆಯಾ ಅಂತ ಕೇಳಿಕೊಂಡು ಬರೆಯಿರಿ.

ಅಮೆರಿಕದಲ್ಲಿ ಮಾತಿಗೆ ಜಾಗ ಜಾಸ್ತಿ. ಆದರೆ ಎಚ್-1ಬಿ ಕೆಲಸದ ವೀಸಾದಲ್ಲಿದ್ದು ಕೆಲಸ ಹೋದವರಿಗೆ 60 ದಿನದ ಗಡುವು ತಲೆ ಮೇಲಿರುತ್ತದೆ. ಆ ದಿನಗಳನ್ನು ಹೊಸ ಕೆಲಸ ಹುಡುಕಲು ಖರ್ಚು ಮಾಡಿ, ಬರೆಯುವುದು ಆಮೇಲಿದ್ದೇ ಇದೆ.

ಮುಂದೆ ಕೆಲಸ ಸಿಗುತ್ತಾ?

ನನಗೆ ಸಿಕ್ಕಿತು, ಆದರೆ ತಡವಾಯಿತು. ಒಂದು ಕಡೆ ಮೂರು ಸುತ್ತು ಆದ ಮೇಲೆ ಸುಮ್ಮನಾದರು. ಇನ್ನೊಂದು ಕಡೆ ಎಚ್‌ಆರ್ ನೇರವಾಗಿ ಕೇಳಿದರು: 'ನಮ್ಮ ಬಗ್ಗೆಯೂ ಬರೀತೀರಾ?' ನಾನು, 'ಸಂಬಳ ಸರಿಯಾಗಿ ಕೊಟ್ಟರೆ ಬರೆಯಲು ಏನಿರುತ್ತೆ ಮೇಡಂ?' ಅಂದೆ. ಅವರು ನಕ್ಕರು. ಈಗ ಅಲ್ಲೇ ಇದ್ದೇನೆ.

ಹಿನ್ನೆಲೆ ಪರಿಶೀಲನೆಗೆ ಹಳೆ ಮ್ಯಾನೇಜರ್ ಹೆಸರೇ ಕೊಡಬೇಕೆಂದಿಲ್ಲ. ಕಂಪನಿ ಬಿಟ್ಟುಹೋದ ಹಿರಿಯರೊಬ್ಬರು ನಿಮ್ಮ ಕೆಲಸ ನೋಡಿದವರಾಗಿದ್ದರೆ ಅವರನ್ನು ಕೇಳಿ. ಸಂದರ್ಶನದಲ್ಲಿ ಬರಹದ ಮಾತು ನೀವಾಗಿ ಎತ್ತಬೇಡಿ, ಅವರು ಕೇಳಿದರೆ ಮುಚ್ಚಿಡಬೇಡಿ.

ಅಲ್ಲೇ ಉಳಿದ ಗೆಳೆಯರ ಕಥೆ?

ನನಗೆ ಇವತ್ತಿಗೂ ಚುಚ್ಚುವುದು ಇದೊಂದೇ. ಬರಹ ಬಂದ ವಾರ ನನ್ನ ತಂಡದ ಇಬ್ಬರನ್ನು ಕೂರಿಸಿಕೊಂಡು, ಅವನಿಗೆ ಮಾಹಿತಿ ಕೊಟ್ಟದ್ದು ನೀವಾ ಅಂತ ಕೇಳಿದರಂತೆ. ಅವರು ಏನೂ ಕೊಟ್ಟಿರಲಿಲ್ಲ. ಬರೆಯುವ ಮುಂಚೆ ಅವರಿಗೆ ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ. ಒಬ್ಬಳು ಈಗಲೂ ಮಾತಾಡುತ್ತಾಳೆ. ಇನ್ನೊಬ್ಬ ಫೋನ್ ಎತ್ತುವುದಿಲ್ಲ. ನೀವು ಬರೆಯುವುದಾದರೆ ಹಿಂದಿನ ದಿನವೇ ಅವರಿಗೆ ತಿಳಿಸಿ, ಅವರ ವಾಟ್ಸಾಪ್ ಗ್ರೂಪಿನಿಂದ ಹೊರಗೆ ಬನ್ನಿ. ಅಲ್ಲಿನ ಯಾವ ಸ್ಕ್ರೀನ್‌ಶಾಟನ್ನೂ ಬಳಸಬೇಡಿ.

ಆಮೇಲೂ ಅದನ್ನೇ ಬರೀತಾ ಇರಬೇಕಾ?

ಬೇಡಪ್ಪಾ. ಮೊದಲ ಆರು ತಿಂಗಳು ನಾನೂ ಅದೇ ಮಾಡಿದೆ. ಎರಡನೇ ಕಂತು, ಮೂರನೇ ಕಂತು. ಓದಿದವರು ಶಭಾಷ್ ಅಂತಿದ್ದರು, ನನಗೂ ಚಟ ಹತ್ತಿತ್ತು. ಒಂದು ದಿನ ನನ್ನ ಹೆಂಡತಿ ಕೇಳಿದಳು: 'ಕಂಪನಿ ಬಿಟ್ಟಿದ್ದೀಯೋ ಇಲ್ವೋ?' ಎರಡನೇ ಮತ್ತು ಮೂರನೇ ಕಂತನ್ನು ನಾನೇ ತೆಗೆದೆ. ಅವುಗಳಲ್ಲಿ ಹೊಸ ವಿಷಯ ಇರಲಿಲ್ಲ, ಬರೀ ಹೊಟ್ಟೆಯುರಿ ಇತ್ತು. ಮೊದಲನೆಯದು ಹಾಗೇ ಇದೆ. ಈಗ ಟೆಸ್ಟಿಂಗ್ ಬಗ್ಗೆ, ನಮ್ಮೂರಿನ ಕೆರೆ ಬಗ್ಗೆ, ಪೇ ಸ್ಲಿಪ್ ಓದುವುದು ಹೇಗೆ ಅನ್ನುವುದರ ಬಗ್ಗೆ ಬರೆಯುತ್ತೇನೆ. ಪೇ ಸ್ಲಿಪ್ ಬರಹವನ್ನು ಓದಿದವರು ಹಳೆ ಕಂಪನಿ ಬರಹ ಓದಿದವರಿಗಿಂತ ಜಾಸ್ತಿ.

ಅದೇ ಕಂಪನಿ ಮತ್ತೆ ಕರೆದರೆ ಹೋಗ್ತೀರಾ?

ನಗಬೇಡಿ, ಕರೆದರು. ಹೋದ ದೀಪಾವಳಿ ಹೊತ್ತಿಗೆ ಅಲ್ಲಿನ ರಿಕ್ರೂಟರ್ ಒಬ್ಬರು ಲಿಂಕ್ಡ್‌ಇನ್‌ನಲ್ಲಿ ಮೆಸೇಜ್ ಮಾಡಿದ್ದರು. ನಿಮ್ಮ ಪ್ರೊಫೈಲ್ ನಮಗೆ ತುಂಬಾ ಹೊಂದುತ್ತದೆ, ಮಾತಾಡೋಣವಾ ಅಂತ. ಪಾಪ, ಹೊಸಬರು, ಅವರಿಗೇನು ಗೊತ್ತು. ನಾನು ಒಂದೇ ಒಂದು ಪ್ರಶ್ನೆ ಕೇಳಿದೆ: ನೋಟೀಸ್ ಪೀರಿಯಡ್ ಎಷ್ಟು ದಿನ?

ಓದಿದ್ದಾರೆ ಅಂತ ಕಾಣಿಸುತ್ತಿದೆ. ಉತ್ತರ ಇನ್ನೂ ಬಂದಿಲ್ಲ.